ಬಟ್ಟೆಯ ವಯಸ್ಸು ಕೇಳಿದರೆ ಹೇಳಬಹುದು

(ಮುಂಬಯಿಯ ಬಟ್ಟೆ ಗಿರಣಿಯೊಂದರ ಟೆಸ್ಟಿಂಗ್ ಲ್ಯಾಬಿನಲ್ಲಿ ನೂಲು, ಬಣ್ಣ, ಬಟ್ಟೆ ಪರೀಕ್ಷಿಸುತ್ತಿದ್ದ ಹಿರಿಯರು ಓದುಗರ ವಿಜ್ಞಾನದ ಪ್ರಶ್ನೆಗಳಿಗೆ ಉತ್ತರಿಸುವ ಅಂಕಣ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದುದರಿಂದ ಒಟ್ಟಿಗೆ ಕೊಟ್ಟಿದ್ದೇವೆ. – ಸಂ.)

ಪ್ರಶ್ನೆ: ನಾವು ಕಾರ್ಕಳದ ಕಡೆಯವರು, ಬೊರಿವಲಿಯ ಐ.ಸಿ. ಕಾಲನಿಯಲ್ಲಿ ನೆಲೆಸಿ ಬಹಳ ಕಾಲವಾಯಿತು. ಕಳೆದ ಶುಭ ಶುಕ್ರವಾರದ ಹೊತ್ತಿಗೆ ನಮ್ಮ ಇಗರ್ಜಿಯ ಸಭಾಂಗಣದಲ್ಲಿ ಇಟಲಿಯ ಟ್ಯೂರಿನ್‌ನ ಶವವಸ್ತ್ರದ ಪೂರ್ಣ ಅಳತೆಯ ಪ್ರತಿಕೃತಿ ಇಟ್ಟಿದ್ದರು. ಯೇಸುಸ್ವಾಮಿಯನ್ನು ಶಿಲುಬೆಯಿಂದ ಇಳಿಸಿ ಸುತ್ತಿದ ಬಟ್ಟೆ ಇದೇ ಎಂದು ವಿವರಿಸಿದರು. ಮನೆಗೆ ಬಂದು ಹೇಳಿದರೆ ಅಳಿಯ, "ಅತ್ತೆ, ಅದು ನಕಲಿ ಅಂತ 1988ರಲ್ಲೇ ಸಾಬೀತಾಗಿದೆ" ಎಂದ. ವಾರ ಕಳೆಯುವುದರೊಳಗೆ ಮಗಳು ವಾಟ್ಸ್ಯಾಪಿನಲ್ಲಿ ಇನ್ನೊಂದು ಕಳಿಸಿದಳು: ಎಕ್ಸ್-ರೇ ಪರೀಕ್ಷೆಯಲ್ಲಿ ಎರಡು ಸಾವಿರ ವರ್ಷ ಹಳೆಯದೆಂದು ಗೊತ್ತಾಗಿದೆಯಂತೆ. ವಿಜ್ಞಾನಿಗಳೇ ಎರಡು ಮಾತಾಡಿದರೆ ನಾವು ಯಾರನ್ನು ನಂಬುವುದು?
— ಓದುಗರೊಬ್ಬರು, ಬೊರಿವಲಿ ಪಶ್ಚಿಮ

ಉತ್ತರ: ಅಮ್ಮ, ಮೊದಲು ನಿಮ್ಮ ಅಳಿಯನ ಮಾತಿಗೊಂದು ತಿದ್ದುಪಡಿ. 1988ರಲ್ಲಿ ಯಾವ ಲ್ಯಾಬೂ ತನ್ನ ವರದಿಯಲ್ಲಿ 'ನಕಲಿ' ಎಂದು ಷರಾ ಬರೆಯಲಿಲ್ಲ. ಅವರು ಹೇಳಿದ್ದು ಬಟ್ಟೆಯ ವಯಸ್ಸು ಮಾತ್ರ. ಈ ನೂಲಿಗೆ ನಾರು ಕೊಟ್ಟ ಅಗಸೆ ಗಿಡ ಬೆಳೆದದ್ದು ಕ್ರಿ.ಶ. 1260ರಿಂದ 1390ರ ನಡುವೆ, ಈ ಮಾತಿನ ಮೇಲೆ ನೂರಕ್ಕೆ 95ರಷ್ಟು ಭರವಸೆ ಇಡಬಹುದು, ಎಂದು. ಯಾರು ಮಾಡಿದರು, ಮೋಸಕ್ಕೆ ಮಾಡಿದರೋ ಭಕ್ತಿಗೆ ಮಾಡಿದರೋ ಎನ್ನುವುದು ಬೇರೆಯೇ ಪ್ರಶ್ನೆ. ಮಗಳು ಕಳಿಸಿದ ಸುದ್ದಿಯೂ ಪೂರ್ತಿ ಸುಳ್ಳಲ್ಲ, ಯಾರೋ ಬಾಲ ಕತ್ತರಿಸಿ ಹರಿಬಿಟ್ಟಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಬಟ್ಟೆಯ ವಿಷಯ ಮೊದಲು ಹೇಳಿಬಿಡುತ್ತೇನೆ, ನನ್ನ ಕಸುಬು ಅದೇ ತಾನೆ. ಸುಮಾರು 4.4 ಮೀಟರ್ ಉದ್ದ, 1.1 ಮೀಟರ್ ಅಗಲದ ಲಿನನ್. ಕೈಯಲ್ಲಿ ನೂತ ನೂಲು, ಹಾಗಾಗಿ ಒಂದು ಎಳೆಯ ದಪ್ಪ ಇನ್ನೊಂದಕ್ಕಿಲ್ಲ. ನೇಯ್ಗೆ ಮೂರಕ್ಕೊಂದರ ಟ್ವಿಲ್, ಅದರಲ್ಲೂ ಹೆರಿಂಗ್‌ಬೋನ್. ಕೋಟಿನ ಬಟ್ಟೆಯಲ್ಲಿ ನೀವು ನೋಡಿರುತ್ತೀರಿ, ಓರೆ ಗೆರೆಗಳು ಸ್ವಲ್ಪ ದೂರ ಎಡಕ್ಕೆ ಹೋಗಿ ಮತ್ತೆ ಬಲಕ್ಕೆ ತಿರುಗುತ್ತವೆ. ಅದರ ಮೇಲೆ ಒಬ್ಬ ಗಂಡಸಿನ ಮುಂಭಾಗ ಮತ್ತು ಬೆನ್ನು, ತಲೆಗೆ ತಲೆ ತಾಗಿದ ಹಾಗೆ, ಒಣಹುಲ್ಲಿನ ಬಣ್ಣದಲ್ಲಿ ಮಸುಕಾಗಿ ಮೂಡಿದೆ. 1898ರಲ್ಲಿ ಸೆಕೊಂಡೊ ಪಿಯಾ ಎಂಬ ವಕೀಲ ಅದರ ಫೋಟೊ ತೆಗೆದಾಗ ನೆಗೆಟಿವ್‌ನಲ್ಲಿ ಮುಖ ಸ್ಪಷ್ಟವಾಗಿ ಎದ್ದು ಬಂತು. ಈಗಿನ ಎಲ್ಲ ಕುತೂಹಲ ಶುರುವಾಗಿದ್ದು ಆ ಫೋಟೊದಿಂದ. ಅಂಚಿನುದ್ದಕ್ಕೆ ಕಾಣುವ ತ್ರಿಕೋನದ ಸುಟ್ಟ ಕಲೆಗಳು 1532ರಲ್ಲಿ ಶಾಂಬೆರಿಯ ಚಾಪೆಲ್‌ಗೆ ಬೆಂಕಿ ಬಿದ್ದಾಗಿನವು. ಮಡಿಸಿಟ್ಟಿದ್ದ ಬೆಳ್ಳಿ ಪೆಟ್ಟಿಗೆ ಕರಗಿ ಬಟ್ಟೆಗೆ ತಾಗಿತ್ತು, ನೀರು ಎರಚಿ ಆರಿಸಿದ್ದರು. ಪ್ರತಿಕೃತಿಯಲ್ಲಿ ನೀವು ಆ ಕಲೆಗಳನ್ನು ನೋಡಿಯೇ ಇರುತ್ತೀರಿ.

ಇದರ ಬಗ್ಗೆ ಕಾಗದಪತ್ರ ಸಿಗುವುದು 1350ರ ದಶಕದಿಂದ, ಫ್ರಾನ್ಸಿನ ಲಿರೆ ಎಂಬ ಸಣ್ಣ ಊರಿನಲ್ಲಿ, ಜೆಫ್ರಾಯ್ ದ ಶಾರ್ನಿ ಎಂಬ ಸರದಾರನ ಮನೆತನದ ಕೈಯಲ್ಲಿ. ಅಲ್ಲಿಂದ ಹಿಂದಿನ ಹದಿಮೂರು ಶತಮಾನಕ್ಕೆ ಊಹೆ ಬಿಟ್ಟರೆ ಗಟ್ಟಿ ದಾಖಲೆ ಇಲ್ಲ. ಸಂಶಯ ಎತ್ತಿದ ಮೊದಲಿಗರು ನಾಸ್ತಿಕರು ಅಂದುಕೊಂಡಿದ್ದೀರಾ? ಅಲ್ಲ, ಬಿಷಪ್ಪರು. 1389ರಲ್ಲಿ ಟ್ರ್ವಾದ ಬಿಷಪ್ ಪಿಯೆರ್ ದಾರ್ಸಿ, ಹಿಂದಿನ ಬಿಷಪ್ಪರೇ ವಿಚಾರಣೆ ಮಾಡಿ ಇದನ್ನು ಬಿಡಿಸಿದ ಕಲಾವಿದನನ್ನು ಪತ್ತೆ ಹಚ್ಚಿದ್ದರು ಎಂದು ಮೇಲಿನವರಿಗೆ ದೂರು ಬರೆದ. ಉಳಿದಿರುವ ಪ್ರತಿಗಳು ಕರಡಿನಂತಿವೆ ಎಂಬ ತಕರಾರು ನಂಬುವವರದು. ಆದರೆ ಅದಕ್ಕೂ ಮುಂಚೆ, ಆ ಕಾಲದ ದೊಡ್ಡ ಪಂಡಿತ, ಮುಂದೆ ತಾನೂ ಬಿಷಪ್ ಆದ ನಿಕೋಲ್ ಒರೆಮ್, ಪಾದ್ರಿಗಳು ಕಾಣಿಕೆಗಾಗಿ ಮಾಡುವ ಮೋಸಕ್ಕೆ ಇದೇ ಬಟ್ಟೆಯನ್ನು ಉದಾಹರಣೆ ಕೊಟ್ಟಿದ್ದು 2025ರಲ್ಲಿ ಬೆಳಕಿಗೆ ಬಂತು. ಅಂದರೆ ಬಟ್ಟೆ ಜನರ ಕಣ್ಣಿಗೆ ಬಿದ್ದ ಹೊಸತರಲ್ಲೇ ಜಗಳವೂ ಹುಟ್ಟಿತ್ತು.

ಈಗ 1988ರ ಕಾರ್ಬನ್-14 ಪರೀಕ್ಷೆ. ಗಿಡ ಬದುಕಿರುವಾಗ ಗಾಳಿಯಿಂದ ಈ ಬಗೆಯ ಕಾರ್ಬನ್ ಹೀರುತ್ತದೆ, ಸತ್ತ ಮೇಲೆ ಅದು ಒಂದೇ ಗತಿಯಲ್ಲಿ ಕಡಿಮೆಯಾಗುತ್ತ ಹೋಗುತ್ತದೆ, ಉಳಿದದ್ದನ್ನು ಅಳೆದರೆ ವಯಸ್ಸು ಸಿಗುತ್ತದೆ. ಏಪ್ರಿಲ್ 21ರಂದು ಟ್ಯೂರಿನ್‌ನ ಕೆಥೆಡ್ರಲ್‌ನಲ್ಲಿ ಬಟ್ಟೆಯ ಅಂಚಿನಿಂದ, ತೇಪೆಯೂ ಸುಟ್ಟ ಗುರುತೂ ಇಲ್ಲದ ಕಡೆಯಿಂದ, ಒಂದು ಸೆಂಟಿಮೀಟರ್ ಅಗಲ ಏಳು ಸೆಂಟಿಮೀಟರ್ ಉದ್ದದಷ್ಟು ಪಟ್ಟಿ ಕತ್ತರಿಸಿದರು. ಜವಳಿ ಬಲ್ಲ ಇಬ್ಬರು ಪರಿಣತರು ಜಾಗ ನೋಡಿ ಒಪ್ಪಿದ ಮೇಲೆ. ಅದರಲ್ಲಿ ತಲಾ 50 ಮಿಲಿಗ್ರಾಮ್ ತೂಕದ ಚೂರು ಆರಿಜೋನಾ, ಆಕ್ಸ್‌ಫರ್ಡ್, ಜ್ಯೂರಿಕ್ ಲ್ಯಾಬುಗಳಿಗೆ ಹೋಯಿತು. ಜೊತೆಗೆ ಕಾಲ ಗೊತ್ತಿದ್ದ ಇನ್ನೂ ಮೂರು ಮಾದರಿ: ನ್ಯೂಬಿಯಾದ ಗೋರಿಯ ಲಿನನ್, ಥೀಬ್ಸ್‌ನ ಮಮ್ಮಿಯೊಂದರ ಸುತ್ತುಬಟ್ಟೆ, 1300ರ ಆಸುಪಾಸಿನ ಫ್ರೆಂಚ್ ಸಂತನ ಮೇಲಂಗಿಯ ಎಳೆಗಳು. ಈ ಮೂರರ ವಯಸ್ಸೂ ಸರಿಯಾಗಿಯೇ ಬಂತು. ಯಾವುದು ಯಾವುದರದ್ದೆಂದು ಹೇಳದೆ ಕೊಟ್ಟರು ಎನ್ನುತ್ತಾರೆ, ಅದು ಹೆಸರಿಗೆ ಮಾತ್ರ. ಆ ಹೆರಿಂಗ್‌ಬೋನ್ ನೇಯ್ಗೆಯನ್ನು ಡಬ್ಬಿ ತೆರೆದ ಕೂಡಲೇ ಯಾವ ಅಪ್ರೆಂಟಿಸ್ ಹುಡುಗನಾದರೂ ಗುರುತಿಸುತ್ತಿದ್ದ.

ಫಲಿತಾಂಶ ಕಾರ್ಬನ್ ವರ್ಷಗಳಲ್ಲಿ, ಅಂದರೆ 1950ರಿಂದ ಹಿಂದಕ್ಕೆ ಎಣಿಸಿ, ಕ್ಯಾಲೆಂಡರಿಗೆ ಹೊಂದಿಸುವ ಮುಂಚಿನ ಲೆಕ್ಕದಲ್ಲಿ: ಆರಿಜೋನಾ 646, ಜ್ಯೂರಿಕ್ 676, ಆಕ್ಸ್‌ಫರ್ಡ್ 750. ಅಕ್ಟೋಬರ್ 13ರಂದು ಟ್ಯೂರಿನ್‌ನಲ್ಲಿ ಕಾರ್ಡಿನಲ್ ಬ್ಯಾಲೆಸ್ಟ್ರೆರೊ ಅವರೇ ಅದನ್ನು ಪ್ರಕಟಿಸಿದರು. ಅದೇ ದಿನ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ವಿಜ್ಞಾನಿಗಳು ಪತ್ರಕರ್ತರ ಮುಂದೆ ಕೂತಿದ್ದರು, ಹಿಂದಿನ ಬೋರ್ಡಿನಲ್ಲಿ '1260–1390!' ಎಂದು ಬರೆದಿತ್ತು. ಸಂಖ್ಯೆಯ ಬಗ್ಗೆ ನನ್ನ ತಕರಾರಿಲ್ಲ, ಆ ಉದ್ಗಾರ ಚಿಹ್ನೆ ಮಾತ್ರ ಇವತ್ತಿಗೂ ಸರಿಬರುವುದಿಲ್ಲ. ರಿಪೋರ್ಟಿನಲ್ಲಿ ಹಾಗೆ ಬರೆದವನನ್ನು ನಮ್ಮ ಲ್ಯಾಬಿನ ಸಾಹೇಬರು ಕರೆಸಿ ಮಂಗಳಾರತಿ ಎತ್ತುತ್ತಿದ್ದರು.

"ಬಟ್ಟೆಯ ಮೇಲೆ ಹೊಗೆ, ಬೆವರು, ಮೇಣ ಕೂತಿತ್ತು, ಅದರಿಂದ ಲೆಕ್ಕ ತಪ್ಪಿತು" ಎನ್ನುವ ವಾದ ನೀವು ಕೇಳಿರಬಹುದು. ಕೇಳಲು ಸರಿ ಅನಿಸುತ್ತದೆ. ಕಾಗದ ಪೆನ್ಸಿಲ್ ಹಿಡಿದರೆ ಬೇರೆ ಗೊತ್ತಾಗುತ್ತದೆ. ಕಾರ್ಬನ್-14 ಅರ್ಧಕ್ಕಿಳಿಯಲು 5730 ವರ್ಷ ಬೇಕು. ಯೇಸುವಿನ ಕಾಲದ ಲಿನನ್ ಆದರೆ ಇಂದು ಅದರಲ್ಲಿ ಮೂಲದ ನೂರಕ್ಕೆ ಸುಮಾರು 79 ಪಾಲು ಕಾರ್ಬನ್-14 ಉಳಿದಿರಬೇಕು. ಸಿಕ್ಕಿದ್ದು ಸುಮಾರು 92. ಹೊಸ ಕೊಳೆ ಸೇರಿ 79 ಇದ್ದದ್ದು 92 ಆಗಬೇಕಾದರೆ ಚೂರಿನ ಕಾರ್ಬನ್ನಿನಲ್ಲಿ ನೂರಕ್ಕೆ 60ಕ್ಕೂ ಮಿಕ್ಕಿ ಕೊಳೆಯೇ ಇರಬೇಕು. ಆಗ ಅದನ್ನು ಕೊಳೆ ಹತ್ತಿದ ಬಟ್ಟೆ ಅನ್ನುವ ಹಾಗಿಲ್ಲ, ಬಟ್ಟೆ ಹತ್ತಿದ ಕೊಳೆ ಅನ್ನಬೇಕು. ಅಷ್ಟು ಸಾಲದೆಂದು ಲ್ಯಾಬುಗಳು ಅಲ್ಟ್ರಾಸಾನಿಕ್‌ನಲ್ಲಿ ಅಲುಗಿಸಿ, ಆಸಿಡ್ಡು-ಕ್ಷಾರಗಳಲ್ಲಿ ತೊಳೆದೇ ಸುಟ್ಟು ಅಳೆದದ್ದು.

ಹಾಗೆಂದು 1988ರ ಕೆಲಸಕ್ಕೆ ಕಲೆಯೇ ಇಲ್ಲವೆ? ಇದೆ. 1986ರಲ್ಲಿ ಮಾತಾಗಿದ್ದು ಏಳು ಲ್ಯಾಬುಗಳೆಂದು, ಆಮೇಲೆ ಮೂರಕ್ಕಿಳಿಸಿದರು. ಎಲ್ಲ ಚೂರೂ ಒಂದೇ ಮೂಲೆಯದು. ಗಿರಣಿಯಲ್ಲಿ ಒಂದು ತಾನು ಪರೀಕ್ಷಿಸುವಾಗಲೂ ನಾವು ಎರಡು ಅಂಚು, ನಡುವೆ ಎಂದು ಬೇರೆ ಬೇರೆ ಕಡೆ ಕತ್ತರಿಸುತ್ತಿದ್ದೆವು. ಮೂಲ ಅಂಕಿಅಂಶಗಳು ಹೊರಬೀಳಲು 2017ರವರೆಗೆ ಕಾಯಬೇಕಾಯಿತು, ಅದೂ ಒಬ್ಬ ಫ್ರೆಂಚ್ ಸಂಶೋಧಕ ಕಾನೂನಿನ ಹಾದಿಯಲ್ಲಿ ಕೇಳಿದ ಮೇಲೆ. ಅವನ್ನು ಜಾಲಾಡಿ 2019ರಲ್ಲಿ ಬಂದ ಲೇಖನ, ಮೂರು ಲ್ಯಾಬುಗಳ ಅಂಕಿಗಳು ಒಂದಕ್ಕೊಂದು ಇರಬೇಕಾದಷ್ಟು ಹೊಂದುವುದಿಲ್ಲ, ಹೊಸದಾಗಿ ಪರೀಕ್ಷೆ ಬೇಕು ಎಂದಿತು. ನ್ಯಾಯವಾದ ಮಾತೇ. ಆದರೆ ಆರಿಜೋನಾಕ್ಕೂ ಆಕ್ಸ್‌ಫರ್ಡಿಗೂ ಇರುವ ವ್ಯತ್ಯಾಸ ನೂರು ವರ್ಷದ್ದು. ಇದರಿಂದ 1260–1390 ಎನ್ನುವ ಬೇಲಿ ಸ್ವಲ್ಪ ಅತ್ತಿತ್ತ ಸರಿಯಬಹುದು. ಹದಿಮೂರು ಶತಮಾನ ಹಿಂದಕ್ಕೆ ಹಾರುವುದಿಲ್ಲ.

ಇನ್ನು ಮಗಳು ಕಳಿಸಿದ ಎಕ್ಸ್-ರೇ. ಅದು 2022ರಲ್ಲಿ ಇಟಲಿಯ ಬಾರಿಯಲ್ಲಿ ಮಾಡಿದ ಕೆಲಸ. ಒಂದು ಮಿಲಿಮೀಟರ್‌ನಷ್ಟು ಎಳೆಯ ಮೇಲೆ ಎಕ್ಸ್-ರೇ ಹಾಯಿಸಿ, ನಾರಿನ ಸೆಲ್ಯುಲೋಸ್ ಎಷ್ಟು ಜೀರ್ಣವಾಗಿದೆ ಎಂದು ನೋಡಿದರು. ಇಸ್ರೇಲಿನ ಮಸಾಡಾ ಕೋಟೆಯಲ್ಲಿ ಸಿಕ್ಕ ಮೊದಲ ಶತಮಾನದ ಲಿನನ್ನಿಗೆ ಹೋಲುತ್ತದೆ ಎಂದು ಬರೆದರು. ವಾಟ್ಸ್ಯಾಪಿನಲ್ಲಿ ಬಿಟ್ಟುಹೋದ ಬಾಲ ಇಷ್ಟು: ಫ್ರಾನ್ಸಿನಲ್ಲಿ ಕಾಣಿಸಿಕೊಳ್ಳುವ ಮುಂಚಿನ ಹದಿಮೂರು ಶತಮಾನ ಆ ಬಟ್ಟೆಯನ್ನು 20ರಿಂದ 22.5 ಡಿಗ್ರಿ ತಾಪಮಾನ, 55ರಿಂದ 75 ಶೇಕಡಾ ತೇವದಲ್ಲಿ ಇಟ್ಟಿದ್ದರೆ ಮಾತ್ರ ಈ ಲೆಕ್ಕ. ಆ ಹದಿಮೂರು ಶತಮಾನ ಬಟ್ಟೆ ಎಲ್ಲಿತ್ತೆಂದೇ ದಾಖಲೆ ಇಲ್ಲದಿರುವಾಗ ಅದನ್ನಿಟ್ಟ ಕೋಣೆಯ ಉಷ್ಣಾಂಶ ಹೇಳುವವರಾರು? ಸೆಲ್ಯುಲೋಸ್ ಶಾಖಕ್ಕೆ, ತೇವಕ್ಕೆ ಬೇಗ ಮುಪ್ಪಾಗುತ್ತದೆ. ಮುಂಬಯಿಯ ಜುಲೈ ತಿಂಗಳಲ್ಲಿ ಕಪಾಟಿನ ತಳದಲ್ಲಿ ಉಳಿದ ಧೋತರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳ್ಳಿ ಕರಗುವ ಬೆಂಕಿಯ ನಡುವೆ ಇದ್ದು ಬಂದ ಬಟ್ಟೆ ಇದು. ಕಾರ್ಬನ್-14 ಮಾತ್ರ ಬೆಂಕಿ, ಮಳೆ ಯಾವುದಕ್ಕೂ ತನ್ನ ಕ್ಷಯದ ಗತಿ ಬದಲಿಸುವುದಿಲ್ಲ. ಹಾಗಾಗಿ ಎರಡು ಪರೀಕ್ಷೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಒಪ್ಪುವುದಿಲ್ಲ.

ಯಾರನ್ನು ನಂಬುವುದು ಎಂದು ಕೇಳಿದಿರಿ. ಬಟ್ಟೆಯ ವಯಸ್ಸಿನ ಮಟ್ಟಿಗೆ 1988ರ ಅಂಕಿಯನ್ನು. ಚಿತ್ರ ಹೇಗೆ ಮೂಡಿತು ಎಂಬುದು ಇನ್ನೂ ಪೂರ್ತಿ ಬಗೆಹರಿದಿಲ್ಲ, ಬಣ್ಣ ಕೂತಿರುವುದು ನಾರಿನ ತೀರಾ ಮೇಲ್ಪದರದಲ್ಲಿ ಮಾತ್ರ. ಅದು ನಿಜವಾದ ಒಗಟು, ಆದರೆ ಅದು ಬಗೆಹರಿಯದ ಮಾತ್ರಕ್ಕೆ ವಯಸ್ಸು ಹೆಚ್ಚಾಗುವುದಿಲ್ಲ. ಪ್ರಾರ್ಥನೆಯ ವಿಷಯಕ್ಕೆ ನನ್ನ ಅಪ್ಪಣೆ ಯಾರಿಗೂ ಬೇಡ. ಪೋಪ್ ಎರಡನೇ ಜಾನ್ ಪಾಲ್ 1998ರಲ್ಲಿ ಟ್ಯೂರಿನ್‌ಗೇ ಹೋಗಿ, ಇಂಥ ಪ್ರಶ್ನೆಗೆ ತೀರ್ಪು ಕೊಡುವ ವಿಶೇಷ ಅಧಿಕಾರ ಧರ್ಮಸಭೆಗಿಲ್ಲ, ಅದು ವಿಜ್ಞಾನಿಗಳ ಕೆಲಸ ಎಂದಿದ್ದರು. ಅಳಿಯನಿಗೆ ಇದನ್ನೂ ಓದಿ ಹೇಳಿ.

ಪ್ರಶ್ನೆ: ನನಗೆ ಕುರ್ಲಾದಲ್ಲಿ ಟೈಲರಿಂಗ್ ಅಂಗಡಿ ಇದೆ. ಯೂಟ್ಯೂಬಿನಲ್ಲಿ ಹೇಳಿದ್ದು: ಟ್ಯೂರಿನ್ ಬಟ್ಟೆಯ ಆ ಮೂಲೆಗೆ ಹಿಂದೆ ಯಾರೋ ಕಣ್ಣಿಗೆ ಕಾಣದ ಹಾಗೆ ರಫೂ ಮಾಡಿದ್ದರಂತೆ, ವಿಜ್ಞಾನಿಗಳು ಪಾಪ, ರಫೂ ಮಾಡಿದ ಹೊಸ ನೂಲನ್ನೇ ಕತ್ತರಿಸಿ ಪರೀಕ್ಷೆ ಮಾಡಿದರಂತೆ. ನನಗೆ ಇದು ಸರಿ ಅನ್ನಿಸಿತು. ನೀವೇನು ಹೇಳುತ್ತೀರಿ?
— ಓದುಗರೊಬ್ಬರು, ಕುರ್ಲಾ

ಉತ್ತರ: ಟೈಲರಣ್ಣ, ನಿಮ್ಮ ಅಂಗಡಿಯಿಂದ ನಾಲ್ಕು ಹೆಜ್ಜೆಗೆ ಒಬ್ಬ ರಫೂಗಾರ ಕೂತಿರುತ್ತಾನೆ, ಅವನ ಕೆಲಸ ಒಮ್ಮೆ ಹತ್ತಿರದಿಂದ ನೋಡಿ. ಉಣ್ಣೆಯ ಕೋಟಿಗೆ ಸಿಗರೇಟು ತಾಗಿ ತೂತಾಗಿದೆ ಎನ್ನಿ. ಒಳಗಿನ ಮಡಿಕೆಯಿಂದ ಅದೇ ಬಟ್ಟೆಯ ಎಳೆ ಕೀಳುತ್ತಾನೆ, ತೂತಿನ ಸುತ್ತ ಅರ್ಧ ಇಂಚು ಒಳ್ಳೆಯ ಬಟ್ಟೆಗೂ ಸೂಜಿ ಹೊಗಿಸಿ ಒಂದೊಂದೇ ಎಳೆಯನ್ನು ಹಾಸಿನ ಜೊತೆ, ಹೊಕ್ಕಿನ ಜೊತೆ ಸೇರಿಸುತ್ತಾನೆ. ಮುಂದಿನಿಂದ ಕಾಣುವುದಿಲ್ಲ. ಮಗುಚಿ ಹಾಕಿದರೆ ಹಿಂದೆ ತುದಿಗಳ ಕುಚ್ಚು ಇರುತ್ತದೆ. ಸೇರಿದ ಕಡೆ ಹಳೆ ಎಳೆ, ಹೊಸ ಎಳೆ ಎರಡೂ ಜೋಡಿಯಾಗಿ ಇರುವುದರಿಂದ ಪಿಕ್ ಗ್ಲಾಸ್ (ಎಳೆ ಎಣಿಸುವ ಭೂತಕನ್ನಡಿ) ಇಟ್ಟು ಎಣಿಸಿದರೆ ಇಂಚಿಗೆ ಎಳೆ ಹೆಚ್ಚು ಬರುತ್ತದೆ. ಉಣ್ಣೆಗೆ ಮೈಮೇಲೆ ರೋಮ ಇದೆ, ಅದು ಅಷ್ಟಿಷ್ಟು ಮುಚ್ಚಿಕೊಳ್ಳುತ್ತದೆ. ಲಿನನ್ನಿಗೆ ಆ ಸೌಕರ್ಯವಿಲ್ಲ, ನುಣುಪು ನೂಲು. ಅದರಲ್ಲೂ ಕೈನೂಲು, ಅದರಲ್ಲೂ ಹೆರಿಂಗ್‌ಬೋನ್.

ಯೂಟ್ಯೂಬಿನವರು ಗಾಳಿಯಲ್ಲಿ ಗುಂಡು ಹೊಡೆದಿಲ್ಲ ಎನ್ನುವುದನ್ನೂ ಹೇಳಬೇಕು. ಅಮೆರಿಕದ ಲಾಸ್ ಅಲಮೋಸ್‌ನ ರಸಾಯನಶಾಸ್ತ್ರಜ್ಞ ರೇಮಂಡ್ ರಾಜರ್ಸ್ 1978ರಲ್ಲಿ ಈ ಬಟ್ಟೆಯನ್ನು ಪರೀಕ್ಷಿಸಿದ ತಂಡದಲ್ಲಿದ್ದವರು. ಅವರು 2005ರಲ್ಲಿ, ಆ ಮೂಲೆಯ ಎಳೆಗಳಲ್ಲಿ ಹತ್ತಿ ಇದೆ, ಬಣ್ಣ ಮತ್ತು ಅಂಟಿನ ಲೇಪ ಇದೆ, ಬೇರೆ ಕಡೆಯ ಎಳೆಗಳಲ್ಲಿ ಕಾಣದ ವೆನಿಲಿನ್ (ನಾರಿನಲ್ಲಿದ್ದು ಕಾಲ ಕಳೆದಂತೆ ಇಲ್ಲವಾಗುವ ವಸ್ತು) ಇಲ್ಲಿ ಉಳಿದಿದೆ, ಆದ್ದರಿಂದ ಇದು ಹೊಸ ಭಾಗ ಎಂದು ಬರೆದರು. ಗಂಭೀರ ಮನುಷ್ಯ, ಗಂಭೀರ ಲೇಖನ. ಆದರೆ ವೆನಿಲಿನ್ ಶಾಖಕ್ಕೆ ಬೇಗ ಹೋಗುತ್ತದೆ, ಬೆಂಕಿ ಕಂಡ ಬಟ್ಟೆಯಲ್ಲಿ ಅದರಿಂದ ವಯಸ್ಸು ಹೇಳುವುದು ಕಷ್ಟ. 2010ರಲ್ಲಿ ಆರಿಜೋನಾದವರು ತಮ್ಮಲ್ಲಿ ಉಳಿದಿದ್ದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು: ಮುಖ್ಯವಾಗಿ ಅಗಸೆ ನಾರೇ, ಅಲ್ಲಲ್ಲಿ ಹತ್ತಿಯ ಒಂದೆರಡು ನಾರು, ಲೇಪವಿಲ್ಲ. ಸೂಕ್ಷ್ಮದರ್ಶಕದಲ್ಲಿ ಇವೆರಡನ್ನು ಬೆರೆಸಿಕೊಳ್ಳಲು ಸಾಧ್ಯವೇ ಇಲ್ಲ. ಹತ್ತಿ ತಿರುಚಿದ ರಿಬ್ಬನ್ನಿನ ಆಕಾರ, ಅಗಸೆಗೆ ಅಡ್ಡ ಗೆಣ್ಣುಗಳು.

ನನ್ನ ಮಟ್ಟಿಗೆ ಕೊನೆಯ ಮಾತು ಮೆಖ್ತಿಲ್ಡ್ ಫ್ಲೂರಿ-ಲೆಂಬರ್ಗ್ ಅವರದು. ಹಳೆ ಬಟ್ಟೆ ಜೋಪಾನ ಮಾಡುವುದರಲ್ಲಿ ಹೆಸರಾದ ಹೆಂಗಸು. 2002ರಲ್ಲಿ ಹಳೆಯ ತೇಪೆಗಳನ್ನೂ ಹಿಂದಿನ ಅಸ್ತರನ್ನೂ ಬಿಚ್ಚಿದವರು ಅವರೇ, ಅಂದರೆ ಬಟ್ಟೆಯ ಬೆನ್ನನ್ನು ಕಣ್ಣಾರೆ ಕಂಡವರು. ಅಂಚಿನ ಹೊಲಿಗೆ ಮಸಾಡಾದ ಬಟ್ಟೆಯಂತಿದೆ ಎನ್ನುವ ಅವರು ಸಂಶಯವಾದಿಗಳ ಪಕ್ಷದವರೇನಲ್ಲ. ಅಂಥವರೇ ರಫೂವಿನ ಗುರುತು ಎಲ್ಲಿಯೂ ಇಲ್ಲ ಎಂದು ಹೇಳಿದರು. ಇನ್ನು ಲೆಕ್ಕ: ರಫೂ 1532ರ ಸುಮಾರಿಗೆ ಆಗಿತ್ತು ಎಂದಿಟ್ಟುಕೊಂಡರೂ, ಮೊದಲ ಶತಮಾನದ ಬಟ್ಟೆ ಹದಿನಾಲ್ಕನೆಯದಾಗಿ ತೋರಬೇಕಾದರೆ ಚೂರಿನ ಮುಕ್ಕಾಲು ಪಾಲು ಹೊಸ ನೂಲೇ ಆಗಿರಬೇಕು. ಮುಕ್ಕಾಲು ಪಾಲು ಬೇರೆ ನೂಲಿರುವ ಚೂರನ್ನು ಟೇಬಲ್ಲಿನ ಮೇಲಿಟ್ಟುಕೊಂಡು ಇಬ್ಬರು ಜವಳಿ ಪರಿಣತರು ಗಮನಿಸಲಿಲ್ಲ ಎಂದರೆ ನೀವು ಒಪ್ಪುತ್ತೀರಾ?

ಪ್ರಶ್ನೆ: ನಾನು ಪುಣೆಯಲ್ಲಿ ರಕ್ತಪರೀಕ್ಷೆಯ ಲ್ಯಾಬ್ ಟೆಕ್ನಿಷಿಯನ್. ಆ ಬಟ್ಟೆಯ ಮೇಲಿನ ಕಲೆ ಎಬಿ ಗುಂಪಿನ ರಕ್ತ ಎಂದು ಓದಿದೆ. ಜೊತೆಗೆ ಭಾರತೀಯರ ಡಿಎನ್‌ಎ ಸಿಕ್ಕಿದೆಯಂತೆ. ಹಾಗಾದರೆ ಬಟ್ಟೆ ನಮ್ಮಲ್ಲೇ ನೇಯ್ದದ್ದೇ?
— ಓದುಗರೊಬ್ಬರು, ಪಿಂಪ್ರಿ

ಉತ್ತರ: ನಿಮಗೆ ನಾನು ರಕ್ತದ ಪಾಠ ಹೇಳಬೇಕೆ! ಹಳೆಯ ಕಲೆಯಲ್ಲಿ ಬ್ಯಾಕ್ಟೀರಿಯಾ ಸೇರಿ ಎ, ಬಿ ಎರಡಕ್ಕೂ ಪ್ರತಿಕ್ರಿಯೆ ಕೊಡುವುದು ನಿಮಗೂ ಗೊತ್ತಿರಬೇಕು, ಆದ್ದರಿಂದ ಶತಮಾನಗಳ ಕಲೆಗೆ 'ಎಬಿ' ಎಂದರೆ ನಾನು ಹುಬ್ಬೇರಿಸುವುದಿಲ್ಲ. ಅದು ರಕ್ತವೇ ಹೌದೋ ಎಂಬುದರಲ್ಲೇ ಜಗಳವಿದೆ. 1978ರ ತಂಡದ ಹೆಲ್ಲರ್ ಮತ್ತು ಆಡ್ಲರ್ ರಕ್ತ ಎಂದರು. ಅದೇ ಮಾದರಿಗಳನ್ನು ನೋಡಿದ ಸೂಕ್ಷ್ಮದರ್ಶಕ ತಜ್ಞ ವಾಲ್ಟರ್ ಮೆಕ್ರೋನ್ ಕೆಮ್ಮಣ್ಣು ಮತ್ತು ಹಿಂಗುಲದ ಕೆಂಪು ಬಣ್ಣ ಎಂದರು. 2018ರಲ್ಲಿ ಇಟಲಿಯ ಇಬ್ಬರು ಜೀವಂತ ಮನುಷ್ಯನ ತೋಳಿನ ಮೇಲೆ ರಕ್ತ ಹರಿಸಿ ನೋಡಿ, ಎಲ್ಲ ಕಲೆಗಳೂ ಒಂದೇ ಭಂಗಿಗೆ ಹೊಂದುವುದಿಲ್ಲ ಎಂದು ಬರೆದಿದ್ದಾರೆ.

ಡಿಎನ್‌ಎ 2015ರ ಸಂಶೋಧನೆ. ನೋಡಿದ್ದು ರಕ್ತವನ್ನಲ್ಲ, ಬಟ್ಟೆಯಿಂದ ಹೀರಿ ತೆಗೆದ ಧೂಳನ್ನು. ಯುರೋಪು, ಮಧ್ಯಪ್ರಾಚ್ಯ, ಭಾರತ ಎಲ್ಲ ಕಡೆಯ ಜನರ ವಂಶಗುರುತು ಅದರಲ್ಲಿತ್ತು. ಶತಮಾನಗಳ ಕಾಲ ಜನ ಮುಟ್ಟಿದ, ಮುತ್ತಿಟ್ಟ, ಮೇಲೆ ಉಸಿರುಬಿಟ್ಟ ಬಟ್ಟೆ. ಇಲ್ಲಿಂದ ಹೋದವರ ಕೈಯೂ ತಾಗಿರಬಹುದು. ನೇಕಾರ ಯಾವ ಊರಿನವನೆಂದು ಧೂಳು ಹೇಳುವುದಿಲ್ಲ.

ಪ್ರಶ್ನೆ: ನಾವು ಗದಗದವರು, ತಂದೆ ಬಂದರಿನ ಕೆಲಸಕ್ಕೆಂದು ವಾಸ್ಕೋಗೆ ಬಂದವರು. ಹಳೆ ಗೋವಾದ ಸೇಂಟ್ ಆಗಸ್ಟೀನ್ ಪಾಳುಗೋಪುರದ ಬಳಿ ಸಿಕ್ಕ ಮೂಳೆ ಜಾರ್ಜಿಯಾ ದೇಶದ ರಾಣಿಯದೆಂದು ಡಿಎನ್‌ಎಯಿಂದ ಗೊತ್ತಾಯಿತಲ್ಲ. ಇಲ್ಲಿ ಆಗುವುದು ಟ್ಯೂರಿನ್‌ನಲ್ಲಿ ಏಕಾಗದು?
— ಓದುಗರೊಬ್ಬರು, ವಾಸ್ಕೋ

ಉತ್ತರ: ಈ ತಿಂಗಳು ಬಂದ ಪತ್ರಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಇದು. ಗೋವಾಕ್ಕೆ ಹೋದಾಗಲೆಲ್ಲ ನಾನು ಕರ್ಮಲಿ ಸ್ಟೇಷನ್ನಿನಲ್ಲೇ ಇಳಿದು, ಬೀಚಿನ ಉಸಾಬರಿಗೆ ಹೋಗದೆ, ಆ ಮುರಕಲ್ಲಿನ ಗೋಪುರದ ಬುಡಕ್ಕೆ ಹೋಗಿ ಕೂರುವವನು.

ಕತೆ ಇಷ್ಟು. ಪೂರ್ವ ಜಾರ್ಜಿಯಾದ ಕಾಖೆತಿಯ ರಾಣಿ ಕೆತೆವಾನ್ ಪರ್ಷಿಯಾದ ಷಾ ಅ‍ಬ್ಬಾಸನ ಸೆರೆಯಲ್ಲಿದ್ದಳು. ಮತ ಬಿಡಲು ಒಪ್ಪದ ಆಕೆಯನ್ನು 1624ರಲ್ಲಿ ಶಿರಾಜ್‌ನಲ್ಲಿ ಹಿಂಸಿಸಿ ಕೊಂದರು. ಅಲ್ಲಿದ್ದ ಅಗಸ್ಟೀನಿಯನ್ ಪಾದ್ರಿಗಳು ಅವಶೇಷಗಳನ್ನು ಗುಟ್ಟಾಗಿ ತೆಗೆದರು, ಅದರಲ್ಲಿ ಒಂದು ಭಾಗ 1627ರಲ್ಲಿ ಗೋವಾದ ಮಠ ಸೇರಿತು. ಯಾವ ಚಾಪೆಲ್ಲಿನ ಯಾವ ಕಿಟಕಿಯ ಬಳಿ, ಎಂಥ ಕಪ್ಪು ಕಲ್ಲಿನ ಪೆಟ್ಟಿಗೆಯಲ್ಲಿ ಇಟ್ಟರು ಎಂಬುದು ಪೋರ್ಚುಗೀಸ್ ಬರಹದಲ್ಲಿದೆ. 1835ರಲ್ಲಿ ಮಠ ಖಾಲಿಯಾಯಿತು, 1842ರಲ್ಲಿ ಚರ್ಚಿನ ಕಮಾನು ಕುಸಿಯಿತು, 1931ರಲ್ಲಿ ಮುಂಭಾಗವೂ ಅರ್ಧ ಗೋಪುರವೂ ಬಿದ್ದವು. ಉಳಿದಿರುವುದು 46 ಮೀಟರ್ ಎತ್ತರದ ಗೋಪುರ. ಜಾರ್ಜಿಯಾದವರು ಬಂದು ಹುಡುಕಿದರು, ಸಿಗಲಿಲ್ಲ. ಕೊನೆಗೆ 2004ರಲ್ಲಿ ನಮ್ಮ ಪುರಾತತ್ವ ಇಲಾಖೆಯವರ ಕೈಗೆ, ಅವಶೇಷಗಳಡಿಯಿಂದ, ಒಂದು ತೋಳಿನ ಮೂಳೆ ಬಂತು.

ಹೈದರಾಬಾದಿನ ಸಿಸಿಎಂಬಿಯವರು (ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರ) ಅದರಿಂದ ಮೈಟೊಕಾಂಡ್ರಿಯಾದ ಡಿಎನ್‌ಎ ತೆಗೆದರು. ಅದು ತಾಯಿಯಿಂದ ಮಕ್ಕಳಿಗೆ ಮಾತ್ರ ಬರುವಂಥದು. ಗೋವಾದ ಸೆಕೆಯಲ್ಲಿ, ಮಳೆಯಲ್ಲಿ ಶತಮಾನಗಟ್ಟಲೆ ಬಿದ್ದಿದ್ದ ಮೂಳೆಯಿಂದ ಅಷ್ಟು ತೆಗೆದದ್ದೇ ಸಾಹಸ. ಯು1ಬಿ ಎಂಬ ವಂಶಗುರುತು ಬಂತು. ಭಾರತದ ಸುಮಾರು 22,000 ಜನರ ಮಾಹಿತಿಯಲ್ಲಿ ಹುಡುಕಿದರೆ ಅದಿಲ್ಲ, ಜಾರ್ಜಿಯಾದ ಜನರಲ್ಲಿ ಇದೆ. ಮೂಳೆ ಹೆಂಗಸಿನದು ಎಂಬುದೂ ಗೊತ್ತಾಯಿತು. 2014ರ ಲೇಖನದಲ್ಲಿ ಅವರು ಬರೆದದ್ದು 'ರಾಣಿಯದೇ' ಎಂದಲ್ಲ, 'ರಾಣಿಯದಾಗಿರುವ ಸಾಧ್ಯತೆ ಹೆಚ್ಚು' ಎಂದು. ಉದ್ಗಾರ ಚಿಹ್ನೆ ಇರಲಿಲ್ಲ. ಅದನ್ನು ನಂಬಿಯೇ 2021ರ ಜುಲೈನಲ್ಲಿ ನಮ್ಮ ವಿದೇಶಾಂಗ ಸಚಿವ ಜೈಶಂಕರ್ ಮೂಳೆಯ ಒಂದು ಭಾಗವನ್ನು ಟಿಬಿಲಿಸಿಗೆ ಒಯ್ದು ಒಪ್ಪಿಸಿದರು. ಆಕೆ ಅಲ್ಲಿನ ಆರ್ಥೊಡಾಕ್ಸ್ ಚರ್ಚಿನ ಸಂತಳು.

ಇಲ್ಲಿ ಡಿಎನ್‌ಎ ಒಂಟಿಯಾಗಿ ಕೆಲಸ ಮಾಡಲಿಲ್ಲ ಎನ್ನುವುದನ್ನು ಗಮನಿಸಿ. ಬರಹ ಕಿಟಕಿ ತೋರಿಸಿತು, ಅಗೆತ ಮೂಳೆ ಕೊಟ್ಟಿತು, ಆಮೇಲೆ ಡಿಎನ್‌ಎಗೆ ಕೇಳಿದ ಪ್ರಶ್ನೆ ಬಹಳ ಸಣ್ಣದು: ಇಲ್ಲಿ ಸಿಕ್ಕ ಈ ಮೂಳೆ ಇಲ್ಲಿನವರದೋ, ಕಾಕಸಸ್ ಕಡೆಯ ಹೆಂಗಸಿನದೋ? ಹೋಲಿಸಿ ನೋಡಲು ಎರಡೂ ಕಡೆಯ ಜನ ಇದ್ದರು. ಟ್ಯೂರಿನ್‌ನಲ್ಲಿ ಕಲೆ ರಕ್ತವೇ ಆಗಿದ್ದು, ಡಿಎನ್‌ಎ ಶುದ್ಧವಾಗಿ ಸಿಕ್ಕರೂ ಅದನ್ನು ಯಾರ ಜೊತೆ ಇಟ್ಟು ನೋಡುತ್ತೀರಿ? ಪಶ್ಚಿಮ ಏಷ್ಯಾದ ಮನುಷ್ಯ ಎನ್ನಬಹುದು, ಅಷ್ಟೇ. ಅಂಥವರು ಲಕ್ಷಾಂತರ ಜನ ಆಗಿಹೋಗಿದ್ದಾರೆ.

ಪ್ರಶ್ನೆ: ಹಾಗಾದರೆ ಗೋವಾದ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹಕ್ಕೂ ಡಿಎನ್‌ಎ ಪರೀಕ್ಷೆ ಆಗಲಿ ಎನ್ನುವವರ ಮಾತಿನಲ್ಲಿ ಏನು ತಪ್ಪು? ಅದು ಶ್ರೀಲಂಕಾದ ಬೌದ್ಧ ಭಿಕ್ಷುವಿನದು ಎನ್ನುತ್ತಾರಲ್ಲ.
— ಓದುಗರೊಬ್ಬರು, ಮಡಗಾಂವ್

ಉತ್ತರ: 2024ರ ಪ್ರದರ್ಶನಕ್ಕೆ ಮುಂಚೆ ಈ ಬೇಡಿಕೆಯಿಂದ ಗೋವಾದಲ್ಲಿ ಎಷ್ಟು ಗಲಾಟೆಯಾಯಿತೆಂದು ನೀವು ನನಗಿಂತ ಹತ್ತಿರದಿಂದ ನೋಡಿದ್ದೀರಿ. ಕೇಳಿದವರ ಉದ್ದೇಶದ ಉಸಾಬರಿ ನನಗೆ ಬೇಡ, ಪರೀಕ್ಷೆಯ ಮಟ್ಟಿಗೆ ಹೇಳುತ್ತೇನೆ.

ಕ್ಸೇವಿಯರ್ 1552ರ ಡಿಸೆಂಬರಿನಲ್ಲಿ ಚೀನಾ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡರು. ಸುಣ್ಣ ಹಾಕಿ ಹೂತ ದೇಹವನ್ನು ಮರುವರ್ಷ ತೆಗೆದು ಮಲಾಕ್ಕಾಕ್ಕೆ, ಅಲ್ಲಿಂದ 1554ರ ಮಾರ್ಚಿನಲ್ಲಿ ಗೋವಾಕ್ಕೆ ತಂದರು. ಬಲ ಮುಂಗೈ 1614ರಲ್ಲಿ ರೋಮಿಗೆ ಹೋಯಿತು. ಟ್ಯೂರಿನ್ ಬಟ್ಟೆಗೆ ಇಲ್ಲದ ಒಂದು ಆಸ್ತಿ ಇದಕ್ಕಿದೆ: ಸತ್ತ ಹದಿನೈದು ತಿಂಗಳಿಂದ ಇವತ್ತಿನವರೆಗೆ ಯಾರ ವಶದಲ್ಲಿತ್ತೆಂಬ ಬರಹ ಒಂದೇ ಊರಿನಲ್ಲಿ ಸಾಗಿ ಬಂದಿದೆ. ಇದೂ ಪುರಾವೆಯೇ, ಲ್ಯಾಬಿನದು ಮಾತ್ರ ಪುರಾವೆಯಲ್ಲ. ಶ್ರೀಲಂಕಾದ ಕತೆಯಲ್ಲಿ ಬರುವ ತೊಟಗಮುವೆ ಶ್ರೀ ರಾಹುಲ ಥೇರರು 15ನೇ ಶತಮಾನದವರು. ಅವರ ದೇಹ ಯಾವಾಗ, ಹೇಗೆ ಇಲ್ಲಿಗೆ ಬಂತು ಎಂಬುದಕ್ಕೆ ಕತೆ ಹೇಳುವವರು ಮೊದಲು ಒಂದು ಕಾಗದ ತೋರಿಸಲಿ.

ಪರೀಕ್ಷೆ ಅಸಾಧ್ಯವೇನಲ್ಲ. ಕ್ಸೇವಿಯರರ ಮನೆತನ ನವಾರ್ರಾದ್ದು, ವಂಶಾವಳಿ ಗೊತ್ತಿರುವಂಥದು. ತಾಯಿಯ ಕಡೆಯಿಂದ ಹೆಣ್ಣುಮಕ್ಕಳ ಸಾಲಿನಲ್ಲೇ ಇಳಿದು ಬಂದವರು ಸಿಕ್ಕರೆ ಹೋಲಿಸಬಹುದು. ರೋಮಿನ ಮುಂಗೈಯ ಜೊತೆ ಹೊಂದಿಸಿದರೆ, ಎರಡೂ ಒಂದೇ ದೇಹದ್ದು, 1614ರ ನಂತರ ಅದಲು ಬದಲಾಗಿಲ್ಲ ಎಂಬಷ್ಟು ತಿಳಿಯುತ್ತದೆ. ಆದರೆ ಮೂಳೆ ಕೊರೆಯಲು ಕಾರಣ ಬೇಕು. ಕೆತೆವಾನ್ ಮೂಳೆ ಯಾರದೆಂದೇ ಗೊತ್ತಿರದೆ ಮಣ್ಣಿನಡಿ ಬಿದ್ದಿತ್ತು, ಕೊರೆದರು. ಇಲ್ಲಿ ದಾಖಲೆ ಒಂದು ಕಡೆ, ಗಾಳಿಮಾತು ಇನ್ನೊಂದು ಕಡೆ. ಗಾಳಿಮಾತಿಗೆಲ್ಲ ಡ್ರಿಲ್ ಹಿಡಿಯಲು ಹೊರಟರೆ ದೇಶದ ಯಾವ ಗುಡಿ, ದರ್ಗಾ, ಇಗರ್ಜಿಯೂ ಉಳಿಯಲಿಕ್ಕಿಲ್ಲ. ಇಂಥ ಪರೀಕ್ಷೆಗೆ ಅಪ್ಪಣೆ ಕೊಡುವ ಕಮಿಟಿಯಲ್ಲಿ ನಾನಿದ್ದರೆ ಸಹಿ ಹಾಕುತ್ತಿರಲಿಲ್ಲ. ಟ್ಯೂರಿನ್ ಬಟ್ಟೆಗೆ ಮೂರು ಬೇರೆ ಬೇರೆ ಜಾಗದಿಂದ ಹೊಸದಾಗಿ ಕತ್ತರಿಸೋಣ ಎಂದರೆ ಮಾತ್ರ ಮೊದಲ ಸಹಿ ನನ್ನದು.

ಕಲ್ಯಾಣದ ಓದುಗರೊಬ್ಬರು ಅಜ್ಜಿಯ ಕಾಲದ ಪೈಠಣಿ ಸೀರೆಯ ಜರಿ ಅಸಲಿಯೋ ಎಂದು ಕೇಳಿದ್ದಾರೆ. ಮುಂದಿನ ಸಂಚಿಕೆಗೆ ಉತ್ತರಿಸುವೆ. ಜರಿಯ ಒಂದು ಎಳೆಯನ್ನು ಲಕೋಟೆಯಲ್ಲಿಟ್ಟು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ದಯವಿಟ್ಟು ಸೀರೆ ಕಳಿಸಬೇಡಿ.